ಬೆಳಗಿನ ಆರರ ಮೀಟಿಂಗ್

'ನಾಳೆಯಿಂದ ಬೆಳಗ್ಗೆ ಆರಕ್ಕೆ ಮೀಟಿಂಗ್ ಇಟ್ಕೊಳ್ಳೋಣ. ನಿಮಗೆ ಆಗುತ್ತೆ ತಾನೆ?' ಮ್ಯಾನೇಜರನ ಮೆಸೇಜು ಬಂದಾಗ ಅವಳು ಆಸ್ಪತ್ರೆಯೊಂದರ ಮೂರನೇ ಮಹಡಿಗೆ ನೀರಿನ ಪೈಪುಗಳ ನಕ್ಷೆ ಬರೆಯುತ್ತಿದ್ದಳು. ಕೈ ನಿಂತಿತು. 'ಆಗುವುದಿಲ್ಲ' ಎಂದು ಟೈಪ್ ಮಾಡಿದಳು, ಅಳಿಸಿದಳು. 'ಎಂಟಕ್ಕಾದರೆ ಅನುಕೂಲ' ಎಂದು ಬರೆದಳು, ಅದನ್ನೂ ಅಳಿಸಿದಳು. ಕೊನೆಗೆ 'ಆಗಲಿ ಸರ್' ಎಂದು ಕಳಿಸಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಅವಳು ಆ ಕಂಪನಿಯ ಕಾಯಂ ನೌಕರಳಲ್ಲ, ಗುತ್ತಿಗೆಯ ಮೇಲೆ ಮನೆಯಿಂದಲೇ ನಕ್ಷೆ ಬರೆದುಕೊಡುವವಳು. ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸುವುದೋ ಬಿಡುವುದೋ ಎಂಬುದು ಆ ಮ್ಯಾನೇಜರನ ಕೈಯಲ್ಲಿತ್ತು.

"ಆರಕ್ಕಾ? ಹಾಗಾದ್ರೆ ಅತ್ತೆಯ ಪಾಠ?" ಎಂದ ಗಂಡ, ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತ. ಅವನು ಬಸ್ ಡ್ರೈವರ್. ಬೆಳಗ್ಗೆ ಐದಕ್ಕೆಲ್ಲ ಡಿಪೋದಲ್ಲಿ ಇರಬೇಕಾದವನು. "ಆಗಲ್ಲ ಅಂದ್ರೆ ಅವರೇನು ತಲೆ ತೆಗೀತಾರಾ?"

"ತಲೆ ತೆಗೆಯಲ್ಲ. ಸದ್ದಿಲ್ದೆ ಬೇರೆಯವರನ್ನ ತಗೋತಾರೆ. ನಿಮಗೆ ಗೊತ್ತಾಗಲ್ಲ ಬಿಡಿ."

ಪಾಠವೆಂದರೆ ಅವಳ ಅಮ್ಮನ ಮಾತಿನ ಪಾಠ. ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷ ನಿಂತು, ಸುಮ್ಮನೆ ನೋಡಿ ಹೋಗಲು ಬಂದವರನ್ನೂ ಮಾತಿನಲ್ಲೇ ಕಟ್ಟಿಹಾಕಿ ಕೂರಿಸುತ್ತಿದ್ದ ಅಮ್ಮ, ಐದು ತಿಂಗಳ ಹಿಂದೆ ಲಕ್ವ ಹೊಡೆದು ಒಂದೇ ಬೆಳಗಿಗೆ ಮೂಕಿಯಾಗಿದ್ದಳು. "ಆರರಿಂದ ಏಳು, ಆ ಒಂದು ಗಂಟೆ ಬಿಡಬೇಡಿ. ಆಮೇಲೆ ಅವರಿಗೆ ದಣಿವಾಗುತ್ತೆ, ಮಾತು ಹತ್ತಿರ ಸುಳಿಯಲ್ಲ" ಎಂದಿದ್ದರು ಡಾಕ್ಟರು. ದಿನಾ ಆ ಹೊತ್ತಿಗೆ ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಒಂದೊಂದೇ ಚಿತ್ರ ತೋರಿಸುತ್ತಿದ್ದಳು. ಮೊದಲು ಬಂದ ಮಾತು 'ಚಮಚ'. ಅವತ್ತು ಮೂವರೂ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಈಗ ಲೆಕ್ಕಕ್ಕೆ ಹದಿನೇಳು ಪದಗಳಿದ್ದವು. ಒಂದರ ಪಕ್ಕ ಒಂದು ನಿಂತು ವಾಕ್ಯವಾಗಿದ್ದು ಮಾತ್ರ ಒಮ್ಮೆಯೂ ಇಲ್ಲ.

ಪಾಠವನ್ನು ಐದಕ್ಕೇ ಶುರುಮಾಡಿ ಮುಗಿಸಿಬಿಡೋಣ ಎಂದುಕೊಂಡಳು. ಮೊದಲ ದಿನ ಅಮ್ಮ ನಿದ್ದೆಗಣ್ಣಲ್ಲಿ ಚಿತ್ರಗಳನ್ನು ಪಕ್ಕಕ್ಕೆ ತಳ್ಳಿದಳು. ಎರಡನೇ ದಿನ ಗೋಡೆಯ ಕಡೆ ತಿರುಗಿ ಮಲಗಿದಳು. ಆ ರಾತ್ರಿಯೆಲ್ಲ ಮಗಳಿಗೆ ಅರೆನಿದ್ದೆ. ಎಲ್ಲಿ ಅಲಾರಂ ಕೇಳದೆ ಮಲಗಿಬಿಡುತ್ತೇನೋ, ಎಲ್ಲಿ ಅಮ್ಮ ಇದ್ದ ಪದಗಳನ್ನೂ ಮರೆತುಬಿಡುತ್ತಾಳೋ ಎಂದು ಗಳಿಗೆಗೊಮ್ಮೆ ಎದ್ದು ಗಡಿಯಾರ ನೋಡಿದಳು.

ಮೂರನೇ ದಿನ ಅಮ್ಮನನ್ನು ಎಬ್ಬಿಸಲಿಲ್ಲ. ಆರಕ್ಕೆ ಸರಿಯಾಗಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಳು.

"ಈ ಪೈಪನ್ನ ಕಿಟಕಿಯಿಂದ ಸ್ವಲ್ಪ ಆಚೆ ತಗೊಳ್ಳಿ" ಎನ್ನುತ್ತಿದ್ದ ಮ್ಯಾನೇಜರ್. ಅವಳು ಬರೆದುಕೊಳ್ಳುತ್ತಿದ್ದಳು. ಆಗ ಒಳಕೋಣೆಯಿಂದ ದನಿ ಬಂತು. ಅಮ್ಮನದು. ಒಂದು ಪದವಲ್ಲ; ನಾಲ್ಕೈದು ಪದಗಳು, ಒಂದರ ಬೆನ್ನಿಗೆ ಒಂದು, ಏರಿ ಇಳಿದು, ಕೊನೆಯಲ್ಲಿ ಪ್ರಶ್ನೆ ಕೇಳಿದಂತೆ ಮೇಲೆದ್ದ ರಾಗ. ಅಂಗಡಿಯಲ್ಲಿ ನಿಂತು ಗಿರಾಕಿಯನ್ನು ಕರೆಯುತ್ತಿದ್ದ ಹಳೆಯ ಅಮ್ಮನ ದನಿ. ಮಗಳ ಕೈ ಥಟ್ಟನೆ ಇಯರ್‌ಫೋನಿಗೆ ಹೋಯಿತು.

"ಮೇಡಂ, ಕೇಳಿಸ್ತಿದೆಯಾ?"

"ಹಾಂ... ಕೇಳಿಸ್ತಿದೆ ಸರ್. ಹೇಳಿ."

ಅವನು ಇನ್ನೂ ಹನ್ನೊಂದು ನಿಮಿಷ ಹೇಳಿದ. ಅವಳು ಏನು ಬರೆದುಕೊಂಡಳೋ ಅವಳಿಗೇ ಗೊತ್ತಿಲ್ಲ. ಒಳಗೆ ದನಿ ಇನ್ನೊಮ್ಮೆ, ಸಣ್ಣಗೆ, ಅರ್ಧಕ್ಕೆ ಕೇಳಿ ನಿಂತುಹೋಯಿತು.

ಮೀಟಿಂಗ್ ಮುಗಿದದ್ದೇ ತಡ, ಕುರ್ಚಿ ಉರುಳಿದ್ದನ್ನೂ ನೋಡದೆ ಓಡಿದಳು. ಅಮ್ಮ ತಾನಾಗಿಯೇ ಎದ್ದು, ಕಾಲು ಇಳಿಬಿಟ್ಟು ಕೂತಿದ್ದಳು. ಮುಖ ಕೆಂಪೇರಿತ್ತು. ಕಣ್ಣು ಬಾಗಿಲ ಮೇಲಿತ್ತು.

"ಏನಂದೆ ಅಮ್ಮ? ಈಗ ಏನೋ ಅಂದ್ಯಲ್ಲ, ಇನ್ನೊಂದ್ಸಲ ಹೇಳು. ನಾನು ಇಲ್ಲೇ ಇದೀನಿ, ಹೇಳು."

ಅಮ್ಮ ಬಾಯಿ ತೆರೆದಳು. ತುಟಿ ಅಲುಗಿತು. "ಚ... ಚಮಚ." ಅದಲ್ಲ ಎಂದು ತಾನೇ ತಲೆಯಾಡಿಸಿದಳು. ಉಸಿರೆಳೆದುಕೊಂಡು ಮತ್ತೆ ಹೇಳಹೊರಟಳು. "ಚಮಚ." ಎಡಗೈಯಿಂದ ತೊಡೆಗೆ ಒಂದೇಟು ಹೊಡೆದುಕೊಂಡಳು. ಆಮೇಲೆ ಬಾಯಿ ಮುಚ್ಚಿ, ಮಗಳನ್ನು ಸುಮ್ಮನೆ ನೋಡುತ್ತ ಕೂತಳು.

ಅವಳು ಅಮ್ಮನ ಪಕ್ಕದಲ್ಲೇ ಕುಸಿದು ಫೋನ್ ತೆಗೆದಳು. ಈ ಸಲ ಅಳಿಸಲಿಲ್ಲ. 'ಸರ್, ಎಂಟಕ್ಕೆ ಮೊದಲು ನನಗೆ ಮೀಟಿಂಗ್ ಆಗುವುದಿಲ್ಲ. ಆ ಹೊತ್ತು ನನ್ನ ತಾಯಿಗೆ ಬೇಕು.' ಕಳಿಸಿದಳು. ಗುತ್ತಿಗೆ ಹೋಯಿತು ಎಂದೇ ಅನ್ನಿಸಿತು. ಹೋದರೆ ಹೋಗಲಿ ಎಂದುಕೊಳ್ಳಲೂ ಧೈರ್ಯ ಸಾಲದು, ಆದರೆ ಕಳಿಸಿದ್ದನ್ನು ವಾಪಸ್ ತೆಗೆಯಲೂ ಮನಸ್ಸಿಲ್ಲ. ಅಮ್ಮನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಒಂದು ನಿಮಿಷವೂ ಆಗಿರಲಿಲ್ಲ, ಉತ್ತರ ಬಂತು.

'ಅಯ್ಯೋ, ಎಂಟೂವರೆಗೆ ಮಾಡೋಣ ಬಿಡಿ. ಆರು ಗಂಟೆ ಅಂತ ಸುಮ್ನೆ ಕೇಳಿದ್ದೆ, ನೀವು ಆಗಲಿ ಅಂದ್ರಿ. ಮೊದಲೇ ಒಂದು ಮಾತು ಹೇಳಬಾರದಿತ್ತಾ ಮೇಡಂ?'