ತಾನಾಗೇ ಮಾಡಿಸಿದ ಪರೀಕ್ಷೆ

ಹೆಣ್ಣು ನೋಡಲು ಬಂದ ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಮುಟ್ಟಲಿಲ್ಲ. "ಫೋನಲ್ಲೇ ಹೇಳಿದ್ನಲ್ಲ, ಎಚ್‌ಐವಿ ರಿಪೋರ್ಟ್ ಎಲ್ಲಿ? ಹೊರಗೆ ದುಡಿಯೋ ಹುಡುಗೀರನ್ನ ಹೇಗಮ್ಮ ನಂಬೋದು?"

ಚಂಪಾಳಿಗೆ ಮೈ ಉರಿಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ಜನರ ರಕ್ತ ಪರೀಕ್ಷಿಸುವವಳು ಅವಳು. ತನ್ನ ರಿಪೋರ್ಟನ್ನು ಆಕೆಯ ಮುಂದೆ ಎಸೆದಂತೆ ಇಟ್ಟಳು. "ನಿಮ್ಮ ಮಗಂದು?"

"ಅಪರಂಜಿ ಅವನು! ಯಾರೂ ಹೇಳದೆ ತಾನಾಗೇ ಮಾಡಿಸಿದಾನೆ. ಅವನ ಬ್ಯಾಗಲ್ಲಿ ನಂಗೇ ಸಿಕ್ತು." ಹುಡುಗ ಗಾಬರಿಯಿಂದ ಕೈ ಚಾಚುವಷ್ಟರಲ್ಲಿ ಕಾಗದ ಚಂಪಾಳ ಕೈ ಸೇರಿತ್ತು.

ಸೋಂಕಿಲ್ಲ ಎಂದಿತ್ತು. ಕೆಳಗೆ ಕೈಬರಹದಲ್ಲಿ ಇನ್ನೊಂದು ಸಾಲು: ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿ.

"ಸೋಂಕು ತಗುಲಿದ ಹೊಸತರಲ್ಲಿ ರಕ್ತದಲ್ಲಿ ಕಾಣಲ್ಲ," ಎಂದಳು ಚಂಪಾ, ಅವನನ್ನೇ ನೋಡುತ್ತ. "ಈಚೆಗೆ ಏನೋ ಮಾಡ್ಕೊಂಡು ಹೆದರಿ ಬಂದೋರಿಗೆ ಮಾತ್ರ ನಾವು ಹೀಗೆ ಬರೆಯೋದು. ತಾರೀಕು ಹೋದ ತಿಂಗಳದ್ದು. ಅದಕ್ಕೆ ಮುಂಚೆ ಏನಾಗಿತ್ತು?"

ಹುಡುಗ ತಾಯಿಯ ಸೆರಗು ಜಗ್ಗಿದ.

"ಏನಾಗತ್ತೆ?" ತಾಯಿ ಮೂತಿ ತಿರುವಿದರು. "ಅದರ ಹಿಂದಿನ ವಾರ ಸ್ನೇಹಿತರ ಜೊತೆ ಗೋವಾ ನೋಡಿ ಬಂದಿದ್ದ, ಅಷ್ಟೇ."