ನೀಲಾಂಬಿಕಾ ಹೊಂದಿಸಿ ಬರೆದ ಮೊತ್ತ

ಪರೀಕ್ಷೆಗೆ ಇನ್ನು ಒಂದು ಗಂಟೆಯೂ ಉಳಿದಿರಲಿಲ್ಲ... ಶಿವಯೋಗಿಯ ಫೋನ್ ರಿಂಗಾಯಿತು.

ಅವನಿಗಾಗಿ ಪರೀಕ್ಷೆ ಬರೆಯಬೇಕಿದ್ದ ಸ್ಕ್ರೈಬ್‌ಗೆ ಜ್ವರ. ಬರಲು ಆಗುವುದಿಲ್ಲವಂತೆ.

ಶಿವಯೋಗಿ ಹುಟ್ಟಿನಿಂದಲೇ ಅಂಧ. ಧಾರವಾಡದಲ್ಲಿ ರೂಮು ಮಾಡಿಕೊಂಡು ಎಂಬಿಎ ಓದುತ್ತಿದ್ದ. ಪ್ರಶ್ನೆ ಓದಿ ಹೇಳಲು, ಅವನು ಹೇಳಿದ್ದನ್ನು ಬರೆಯಲು ಇನ್ನೊಬ್ಬರು ಬೇಕೇ ಬೇಕು.

ಅವತ್ತಿನ ಪೇಪರ್ ಫೈನಾನ್ಷಿಯಲ್ ಅಕೌಂಟಿಂಗ್... ಹಿಂದೆ ಫೇಲಾಗಿದ್ದ ಒಂದೇ ವಿಷಯ. ಹುಬ್ಬಳ್ಳಿಯ ಒಂದು ಕಂಪನಿ ಅವನನ್ನು ಕೆಲಸಕ್ಕೆ ಆರಿಸಿತ್ತು. ಇದರಲ್ಲಿ ಪಾಸಾಗದಿದ್ದರೆ ಆ ಕೆಲಸ ಕೈತಪ್ಪಿದಂತೆಯೇ.

ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದ. ಯಾರೂ ಸಿಗಲಿಲ್ಲ. ಕೊನೆಗೆ ಬರುತ್ತೇನೆ ಎಂದವರು ರೂಮಿನ ಮಾಲೀಕರ ಸೊಸೆ, ನೀಲಾಂಬಿಕಾ.

ಪಿಯುಸಿ ಆರ್ಟ್ಸ್ ಮುಗಿಸಿ ಮದುವೆಯಾಗಿ ಬಂದವರು. ಆ ಮನೆಯಲ್ಲಿ ಏನು ಒಡೆದರೂ, ಏನು ಕಳೆದರೂ ಬೈಗುಳ ಅವರಿಗೇ... ಗೋಡೆಯಾಚೆ ಕೂತು ಓದುವಾಗ ಶಿವಯೋಗಿ ಅದನ್ನೆಲ್ಲ ಕೇಳಿಸಿಕೊಂಡಿದ್ದ.

ಆಟೊದಲ್ಲಿ ಹೋಗುತ್ತಾ ಬ್ಯಾಲೆನ್ಸ್ ಶೀಟ್ ಎಂದರೇನೆಂದು ಅವರಿಗೆ ವಿವರಿಸಿದ. ಒಂದು ಕಡೆ ವ್ಯಾಪಾರದ ಆಸ್ತಿ, ಇನ್ನೊಂದು ಕಡೆ ಬಂಡವಾಳ ಮತ್ತು ಕೊಡಬೇಕಾದ ಬಾಕಿ. ಎರಡೂ ಕಡೆಯ ಮೊತ್ತ ಒಂದೇ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಾಗಿದೆ ಎಂದರ್ಥ.

ಆ ಕೊನೆಯ ಮಾತು ನೀಲಾಂಬಿಕಾ ಅವರ ಎದೆಯಲ್ಲಿ ಕಲ್ಲಿನಂತೆ ಕೂತಿತು.

ಸ್ಕ್ರೈಬ್ ಬದಲಾವಣೆಗೆ ಕಾಲೇಜು ಒಪ್ಪಿತು. ಇವರಿಗೆ ಪ್ರತ್ಯೇಕ ಕೋಣೆ. ಮೇಲ್ವಿಚಾರಕರಾಗಿ ಬಂದ ಹುದ್ದಾರ ಸರ್ ಮೊದಲೇ ಎಚ್ಚರಿಸಿದರು. ಹುಡುಗ ಹೇಳದ ಒಂದೇ ಒಂದು ಅಂಕಿ ಪೇಪರಿನ ಮೇಲೆ ಬಂದರೂ ಅದನ್ನು ಕಸಿದುಕೊಳ್ಳುತ್ತೇನೆ ಎಂದರು.

ನೀಲಾಂಬಿಕಾ ಸೆರಗಿನಿಂದ ಅಂಗೈ ಒರೆಸಿಕೊಂಡು ಪೆನ್ನು ಹಿಡಿದರು.

ಮೊದಲಿನ ಪ್ರಶ್ನೆಗಳು ಹೇಗೋ ಮುಗಿದವು. ನಂತರ ಬಂತು ದೊಡ್ಡ ಲೆಕ್ಕ... ಒಂದು ಅಂಗಡಿಯ ಇಡೀ ವರ್ಷದ ಖರ್ಚು, ಲಾಭ, ಆಸ್ತಿ, ಬಾಕಿ.

ಶಿವಯೋಗಿ ಒಂದೊಂದೇ ಸಾಲು ಹೇಳುತ್ತಾ ಹೋದ. ಅವರು ಬರೆದರು. ಕೊನೆಗೆ ಕ್ಯಾಲ್ಕುಲೇಟರ್ ಹಿಡಿದು ಎರಡೂ ಕಡೆ ಕೂಡಿದರು.

ಹೊಂದಲಿಲ್ಲ.

ಮತ್ತೆ ಕೂಡಿದರು. ಆಗಲೂ ಹೊಂದಲಿಲ್ಲ...

ತಾನೇ ಏನೋ ತಪ್ಪು ಬರೆದಿದ್ದೇನೆ. ತನ್ನಿಂದಾಗಿ ಈ ಹುಡುಗನ ಕೆಲಸ ಹೋಯಿತು. ಮನಸ್ಸಿಗೆ ಬೇರೆ ಯೋಚನೆಯೇ ಬರಲಿಲ್ಲ.

ಕಡಿಮೆ ಬಂದಿದ್ದ ಬಾಕಿಯ ಕಡೆಯಲ್ಲೂ ಆಸ್ತಿಯ ಮೊತ್ತವನ್ನೇ ಬರೆದುಬಿಟ್ಟರು. ಎರಡೂ ಕಡೆ ಸರಿ ಬಂದಿದೆ ಎಂದರು.

ಶಿವಯೋಗಿಗೆ ಹೋದ ಜೀವ ಬಂದಂತಾಯಿತು. ಆದರೂ ಒಮ್ಮೆ ಓದಿ ಹೇಳಲು ಕೇಳಿದ. ಅವರು ಓದುತ್ತಾ ಹೋದಂತೆ ಅವನು ಮನಸ್ಸಿನಲ್ಲೇ ಕೂಡುತ್ತಾ ಹೋದ...

ಕೊನೆಯ ಮೊತ್ತ ಅವನ ಲೆಕ್ಕಕ್ಕೆ ಹೊಂದಲಿಲ್ಲ. ಇನ್ನೊಮ್ಮೆ ಓದಿಸಿದ. ಈ ಸಲ ಅವರ ದನಿ ನಡುಗುತ್ತಿತ್ತು. ಅವನಿಗೆ ಎಲ್ಲ ಅರ್ಥವಾಯಿತು.

ಒಂದು ಕ್ಷಣ ಸಿಟ್ಟು ಬಂತು. ಆದರೆ ಗೋಡೆಯಾಚೆ ಕೇಳುತ್ತಿದ್ದ ಆ ಬೈಗುಳಗಳು ನೆನಪಾದವು...

"ಅಕ್ಕಾರ," ಎಂದ ಮೆಲ್ಲಗೆ. "ಲೆಕ್ಕ ಕೂಡದಿದ್ರ ತಪ್ಪ ಎಲ್ಲೈತಿ ಅಂತ ಹುಡುಕಬಹುದ್ರಿ. ಸುಮ್ನ ಕೂಡಿಸಿಬಿಟ್ರ ಹುಡುಕೂ ದಾರಿನೂ ಮುಚ್ಚತೈತಿ."

ಪಿಸುಮಾತು ಕೇಳಿ ಹುದ್ದಾರ ಸರ್ ಎದ್ದು ಬಂದರು. ಏನು ನಡೆದಿದೆ ಎಂದು ಕೇಳಿದರು.

ಶಿವಯೋಗಿ ಬಾಯಿ ತೆರೆಯುವ ಮೊದಲೇ ಕುರ್ಚಿ ಸರಿದ ಸದ್ದಾಯಿತು. ನೀಲಾಂಬಿಕಾ ಎದ್ದು ನಿಂತಿದ್ದರು.

"ಇವ್ರು ಹೇಳಿಲ್ರಿ ಸರ. ಲೆಕ್ಕ ಕೂಡಲಿಲ್ಲ, ಅಂಜಿ ನಾನ ಹೊಂದಿಸಿ ಬರದೀನ್ರಿ. ಇವ್ರ ಪೇಪರ್ ಕಸ್ಗೋಬ್ಯಾಡ್ರಿ."

ಹುದ್ದಾರ ಸರ್ ಪೇಪರನ್ನು ಕೈಗೆತ್ತಿಕೊಂಡರು. ಬಹಳ ಹೊತ್ತು ನೋಡಿದರು.

ಕೊನೆಗೆ ಪೇಪರ್ ವಾಪಸ್ ಇಟ್ಟರು. ಆ ಮೊತ್ತಕ್ಕೆ ಅಡ್ಡಗೆರೆ ಎಳೆಯಲು ಹೇಳಿ ಪಕ್ಕದಲ್ಲಿ ತಾವೇ ಸಹಿ ಹಾಕಿದರು. ನಡೆದದ್ದನ್ನು ನಡೆದ ಹಾಗೆಯೇ ವರದಿಯಲ್ಲಿ ಬರೆಯುತ್ತೇನೆ, ಮುಂದಿನದು ಪರೀಕ್ಷಾ ವಿಭಾಗಕ್ಕೆ ಬಿಟ್ಟದ್ದು ಎಂದರು.

ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಸಮಯ ಓಡುತ್ತಿತ್ತು. ಆದರೂ ಶಿವಯೋಗಿ ಇದೇ ಲೆಕ್ಕವನ್ನು ಮೊದಲಿನಿಂದ ಓದಲು ಹೇಳಿದ.

ನೌಕರರಿಗೆ ಇನ್ನೂ ಕೊಡಬೇಕಾಗಿದ್ದ ಸಂಬಳ... ಆ ಸಾಲು ಬಂದಾಗ ಮೇಜಿನ ಮೇಲೆ ಲೆಕ್ಕ ಹಾಕುತ್ತಿದ್ದ ಅವನ ಬೆರಳುಗಳು ನಿಂತುಬಿಟ್ಟವು.

ಆ ಸಂಬಳವನ್ನು ಖರ್ಚಿನಲ್ಲಿ ಸೇರಿಸಿದ್ದ. ಬಾಕಿಯ ಪಟ್ಟಿಯಲ್ಲಿ ಹೇಳುವುದನ್ನೇ ಮರೆತಿದ್ದ. ಕಡಿಮೆ ಬಂದಿದ್ದು ಸರಿಯಾಗಿ ಅಷ್ಟೇ ಮೊತ್ತ.

ಹುದ್ದಾರ ಸರ್‌ಗೂ ಕೇಳುವಂತೆ ಅವನು ಹೇಳಿದ...

"ತಪ್ಪ ನಂದೈತ್ರಿ ಅಕ್ಕಾರ. ನಾನ ಹೇಳೂದು ಮರತೀನಿ. ನಾ ಹೇಳಿದ್ದನ್ನ ನೀವು ಬರದಿದ್ರಾಗ ಒಂದ ಅಂಕಿನೂ ತಪ್ಪಿಲ್ಲ."

ನೀಲಾಂಬಿಕಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಪೇಪರಿನ ಮೇಲೆ ಹನಿ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಸದ್ದಿಲ್ಲದೆ ಅತ್ತರು.

ಮದುವೆಯಾಗಿ ಬಂದಂದಿನಿಂದ 'ಇದು ನಿನ್ನ ತಪ್ಪಲ್ಲ' ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆ ಸಂಬಳ ತನ್ನ ಜಾಗಕ್ಕೆ ಬಂತು. ಲೆಕ್ಕ ಹೊಂದಿತು. ಕೊನೆಯ ಪ್ರಶ್ನೆ ಅರ್ಧಕ್ಕೇ ನಿಂತಿದ್ದಾಗ ಗಂಟೆ ಹೊಡೆಯಿತು...

ಮುಂದಿನ ದಿನಗಳು ಬಹಳ ಕಷ್ಟದವು. ಶಿವಯೋಗಿಗೆ ಕಾಲೇಜಿನಿಂದ ಯಾವ ಫೋನ್ ಬಂದರೂ ಆ ವರದಿಯ ಮಾತೇ ಇರಬೇಕೆಂದು ಇಬ್ಬರೂ ಅಂಜುತ್ತಿದ್ದರು.

ಪರೀಕ್ಷಾ ವಿಭಾಗ ಹುದ್ದಾರ ಸರ್ ಅವರ ವರದಿಯನ್ನು ಒಪ್ಪಿಕೊಂಡಿತು. ರಿಸಲ್ಟ್ ಬಂತು... ಹೆಚ್ಚು ಅಂಕಗಳಲ್ಲ, ಆದರೆ ಶಿವಯೋಗಿ ಪಾಸಾಗಿದ್ದ. ಹುಬ್ಬಳ್ಳಿಯ ಕೆಲಸ ಉಳಿಯಿತು.

ಆ ಸುದ್ದಿ ಹೇಳಲು ಅವನು ಮೊದಲು ಹೋದದ್ದು ನೀಲಾಂಬಿಕಾ ಅವರ ಬಳಿಗೆ.

ಅವರು ಹೇಳಿದರು... "ಬಿ.ಕಾಂ.ಗೆ ಅರ್ಜಿ ಹಾಕೇನಿ ತಮ್ಮಾ. ಮನ್ಯಾಗ ಕೂತ ಓದೂದು. ತಿಳೀಲಿಲ್ಲಂದ್ರ ನಿನ್ನ ಕೇಳ್ತೀನಿ."

ಬೈಯದೆ ಕೇಳಿಸಿಕೊಳ್ಳುವ ಒಬ್ಬರು ಎದುರಿಗಿದ್ದರೆ, ತಪ್ಪು ಒಪ್ಪಿಕೊಳ್ಳುವ ಧೈರ್ಯ ಎಂಥವರಿಗೂ ಬರುತ್ತದೆ.

ನಿಮ್ಮ ಮನೆಯಲ್ಲಿ, ನಿಮ್ಮ ಆಫೀಸಿನಲ್ಲಿ... ನಿಮಗೆ ಹೆದರಿ ಯಾರಾದರೂ ಎಲ್ಲ ಸರಿಯಾಗಿದೆ ಎಂದು ಹೊಂದಿಸಿ ಹೇಳುತ್ತಿದ್ದಾರೆಯೇ?