ಹಲಗೆಯ ಮೊದಲ ಹೆಸರು

ಬಾಗಿಲುಗಳು ತಮ್ಮ ನೆತ್ತಿಯ ಹಲಗೆಯಲ್ಲಿ ಬರೆದ ವಿಳಾಸಕ್ಕೆ ನೇರವಾಗಿ ತೆರೆದುಕೊಳ್ಳುವುದು ನನ್ನ ಹರೆಯದಲ್ಲಿ ಇನ್ನೂ ಹೊಸತು. ಹೆರಿಗೆ ಆಸ್ಪತ್ರೆಯ ಬಾಗಿಲೊಂದು ಬಂದವರನ್ನೆಲ್ಲ ಹಿಂದಿನ ದಿನದ ವಾರ್ಡಿಗೆ ಬಿಡುತ್ತಿತ್ತು. ತಜ್ಞರು ವಿಳಾಸದ ಕೊನೆಯ ಹೆಸರನ್ನೇ ತಿದ್ದುತ್ತ ಕುಳಿತಿದ್ದಾಗ, ನಾನು ಮೊದಲಿನಿಂದ ಓದಿದೆ. ಮೊದಲಿಗೇ ಇರಬೇಕಾದ ಊರಿನ ಹೆಸರೇ ಇರಲಿಲ್ಲ! ಊರು ತಿಳಿಯದ ಬಾಗಿಲು ತನ್ನ ನೆನಪಿನಲ್ಲಿದ್ದ ನಿನ್ನೆಗೇ ತೆರೆಯುತ್ತಿತ್ತು. ಈ ಸಾಹಸವನ್ನು ಮೊಮ್ಮಗಳು ಕುಮುದಿನಿಗೆ ಮೊದಲ ಬಾರಿ ಹೇಳಿದ್ದು ನಿನ್ನೆ ರಾತ್ರಿ, ಊಟವಾದ ಮೇಲೆ.

ಇಂದು ಸಂಜೆ ಅವಳು ಶಾಲೆಯ ಬಾಗಿಲಿನಿಂದ ನಡುಮನೆಗೆ ಕಾಲಿಟ್ಟಾಗ ನನಗೆ ಅನುಮಾನ ಹುಟ್ಟಿತು. ಶಾಲೆಯವರು ಬೆಳಿಗ್ಗೆಯಷ್ಟೇ ಹಲಗೆಗಳನ್ನು ಹೊಸದಾಗಿ ಬರೆಸಿದ್ದರು; ಅಲ್ಲಿಯೂ ಊರಿನ ಹೆಸರು ಬಿಟ್ಟುಹೋಗಿದ್ದರೆ? ಹುಡುಗಿಯ ಮೊಣಕಾಲಿನಲ್ಲಿ ನಿನ್ನೆಯದೇ ಕೆಮ್ಮಣ್ಣು. ಬಾಯಲ್ಲಿ ನಿನ್ನೆಯದೇ ಹಾಡು. ಬಂದವಳು ನಿನ್ನೆ ಸಂಜೆಯವಳಾದರೆ, ಬಾಗಿಲು ಇಬ್ಬರನ್ನೂ ಅದಲುಬದಲು ಮಾಡಿದೆ; ಇಂದಿನವಳು ನಿನ್ನೆಯೊಳಗೆ ಸಿಕ್ಕಿಕೊಂಡಿದ್ದಾಳೆ. ಈ ಕದ ಮುಚ್ಚಿದರೆ ಮರಳಿ ಬರಲಾರಳು. ಕದ ಮುಚ್ಚದಂತೆ ಕೋಲು ಅಡ್ಡ ಕೊಟ್ಟು ನಿಂತೆ.

"ಶಾಲೇಲಿ ಏನಮ್ಮ ಊಟ?"

"ಚಿತ್ರಾನ್ನ."

ನಿನ್ನೆಯೂ ಚಿತ್ರಾನ್ನವೇ.

"ಮಾವಯ್ಯ, ಮಗೂನ ಕಳ್ಳೀನ ನೋಡ್ದಂಗೆ ನೋಡ್ಬೇಡಿ," ಎಂದು ಸೊಸೆ ಗಿರಿಜಾಂಬ ಒಳಗಿನಿಂದ ಛೇಡಿಸಿದಳು. "ಆ ಕೋಲು ತೆಗೀರಿ, ಶಾಲೆ ಸೊಳ್ಳೆಯೆಲ್ಲ ಮನೆಗೆ ಬರ್ತವೆ."

ನಾನು ಕದಲಲಿಲ್ಲ. ಹುಡುಗಿಯ ಕಣ್ಣನ್ನೇ ದಿಟ್ಟಿಸಿದೆ. ಅವಳು ಚೀಲ ಇಳಿಸಿ, ನನ್ನನ್ನೂ ಕೋಲನ್ನೂ ನೋಡಿ ನಕ್ಕಳು. ಆಮೇಲೆ ಅವಳಾಡಿದ ಮಾತು ಮುಗಿಯುವ ಮೊದಲೇ ನನ್ನ ಕೈಯ ಕೋಲು ಸಡಿಲವಾಗಿತ್ತು.

"ತಾತ, ರಾತ್ರಿ ಹೇಳಿದ್ಯಲ್ಲ ಆಸ್ಪತ್ರೆ ಬಾಗ್ಲು ಕತೆ, ಅದನ್ನ ಇನ್ನೊಂದ್ ಸಲ ಹೇಳು."